ಪೆಡಲಿನ ತೋಳು ಎಷ್ಟು ಕಾಲ ಬಾಳೀತು?

ಈಚಿನ ವರ್ಷಗಳಲ್ಲಿ ನಮ್ಮ ಶಾಲಾ ಕಾಲೇಜುಗಳ ಸೈಕಲ್ ಸ್ಟ್ಯಾಂಡುಗಳ ರೂಪವೇ ಬದಲಾಗಿದೆ. ಒಂದು ಕಾಲದಲ್ಲಿ ಅಲ್ಲಿ ಸಾಲಾಗಿ ನಿಂತಿರುತ್ತಿದ್ದ ಕಪ್ಪು ಬಣ್ಣದ ಎತ್ತರದ ಸೈಕಲ್ಲುಗಳ ಸ್ಥಾನವನ್ನು ದಪ್ಪ ಟಯರಿನ, ಅಗಲವಾದ ಹ್ಯಾಂಡಲಿನ, ಹಲವು ಗೇರುಗಳ ‘ಮೌಂಟನ್ ಬೈಕು’ಗಳು ಆಕ್ರಮಿಸಿವೆ. ಇಂಥದೊಂದನ್ನು ಕೊಳ್ಳಹೋದ ವಿದ್ಯಾರ್ಥಿಗಳು ಅಂಗಡಿಯಲ್ಲಿ ಏನೇನನ್ನು ವಿಚಾರಿಸುವರು? ಗೇರುಗಳೆಷ್ಟು, ಬ್ರೇಕು ಡಿಸ್ಕಿನದೋ ಅಲ್ಲವೋ, ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗು ಉಂಟೋ ಇಲ್ಲವೋ, ಬಣ್ಣ ಯಾವುದು ಎಂಬಿವನ್ನು. ಸವಾರನ ಬಲವೆಲ್ಲವೂ ಯಾವ ಅಂಗದ ಮೂಲಕ ಹಾದು ಸೈಕಲ್ಲನ್ನು ಮುಂದಕ್ಕೆ ಒಯ್ಯುವುದೋ, ಆ ಅಂಗದ ಕಡೆಗೆ ಕಣ್ಣು ಹಾಯಿಸುವವರು ಮಾತ್ರ ಅಪರೂಪ. ಮಾರುವವನೂ ಅದರ ಮಾತೆತ್ತುವುದಿಲ್ಲ.

ಆ ಅಂಗವೇ ಕ್ರಾಂಕ್ ಸೆಟ್. ಎರಡು ಪೆಡಲುಗಳನ್ನು ಹೊತ್ತಿರುವ ಎರಡು ತೋಳುಗಳು, ಅವೆರಡನ್ನೂ ಕೂಡಿಸಿ ಚೌಕಟ್ಟಿನ ತಳದಲ್ಲಿ ತಿರುಗುವ ಅಚ್ಚು, ಬಲತೋಳಿಗೆ ಅಂಟಿಕೊಂಡು ಸರಪಣಿಯನ್ನು ಎಳೆಯುವ ಒಂದೋ ಎರಡೋ ಮೂರೋ ಹಲ್ಲುಚಕ್ರಗಳು: ಇಷ್ಟೇ ಅದರ ಸಂಸಾರ. ಕೊಳ್ಳುವಾಗ ಇದರ ಬಾಳಿಕೆಯನ್ನು ಅಳೆಯಲು ಜನರು ಬಳಸುವ ಅಳತೆಗೋಲುಗಳು ಎರಡು. ಹಿರಿಯರು ಕೈಯಲ್ಲಿ ಎತ್ತಿ ನೋಡಿ, ಭಾರವಾಗಿದ್ದರೆ ಗಟ್ಟಿಯೆನ್ನುವರು. ಕಿರಿಯರು ಬೆಲೆಯ ಚೀಟಿಯನ್ನು ನೋಡಿ, ಹಗುರವಾಗಿಯೂ ದುಬಾರಿಯಾಗಿಯೂ ಇದ್ದರೆ ಉತ್ತಮವೆನ್ನುವರು. ಎರಡೂ ತಪ್ಪು ಅಳತೆಗಳೆಂಬುದು ನಮ್ಮ ಅಭಿಪ್ರಾಯ. ಮುರಿಯಬಾರದ ಭಾಗವು ಮುರಿಯದಂತೆಯೂ, ಸವೆದೇ ತೀರುವ ಭಾಗವು ಸವೆದಾಗ ಅದೊಂದನ್ನೇ ಬಿಚ್ಚಿ ಬದಲಾಯಿಸಬಹುದಾದಂತೆಯೂ ಇರುವುದೇ ಬಾಳಿಕೆ. ಇದನ್ನು ತೂಕವಾಗಲಿ ಬೆಲೆಯಾಗಲಿ ತಿಳಿಸಲಾರದು. ಯಂತ್ರಶಾಸ್ತ್ರದ ಕೆಲವು ಸರಳ ಸಂಗತಿಗಳು ತಿಳಿಸಬಲ್ಲವು.

ಮೌಂಟನ್ ಬೈಕಿನ ಹುಟ್ಟೇ ಇದಕ್ಕೆ ಒಳ್ಳೆಯ ಪೀಠಿಕೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮರಿನ್ ಕೌಂಟಿಯಲ್ಲಿ ಕೆಲವು ಉತ್ಸಾಹಿ ತರುಣರು, ಯಾರೂ ಬಳಸದೆ ಮೂಲೆಗೆ ಎಸೆದಿದ್ದ ಹಳೆಯ ಷ್ವಿನ್ ಸೈಕಲ್ಲುಗಳನ್ನು ದುರಸ್ತಿ ಮಾಡಿಕೊಂಡು ಟಮಲ್ಪಾಯಿಸ್ ಬೆಟ್ಟದ ಸುತ್ತಣ ಮಣ್ಣುದಾರಿಗಳಲ್ಲಿ ಇಳಿಯತೊಡಗಿದರು. 1976ರ ಅಕ್ಟೋಬರಿನಲ್ಲಿ ಅಲ್ಲಿ ಮೊದಲ ಇಳಿಜಾರು ಪಂದ್ಯ ನಡೆಯಿತು. ಸುಮಾರು 400 ಮೀಟರು ಎತ್ತರವನ್ನು ಮೂರು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿಯಲ್ಲಿ ಇಳಿದುಬಿಡುವ ಆ ಪಂದ್ಯಕ್ಕೆ ‘ರಿಪ್ಯಾಕ್’ ಎಂದು ಹೆಸರು. ಒಮ್ಮೆ ಇಳಿದರೆ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು, ಅದರಲ್ಲಿದ್ದ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬದೆ ಎರಡನೆಯ ಬಾರಿ ಇಳಿಯುವಂತಿರಲಿಲ್ಲ. ಹೆಸರು ಬಂದದ್ದು ಹಾಗೆ. 1977ರಲ್ಲಿ ಜೋ ಬ್ರೀಜ್ ಎಂಬ ಸವಾರನು ಈ ಕೆಲಸಕ್ಕೆಂದೇ ಹೊಸದೊಂದು ಚೌಕಟ್ಟನ್ನು ಕಟ್ಟಿದನು. 1982ರಲ್ಲಿ ಜಪಾನಿನ ಷಿಮಾನೊ ಕಂಪನಿಯು ‘ಡಿಯೋರ್ ಎಕ್ಸ್‌ಟಿ’ ಎಂಬ ಹೆಸರಿನಲ್ಲಿ ಬೆಟ್ಟದ ಸೈಕಲ್ಲಿಗೆಂದೇ ಗೇರು, ಕ್ರಾಂಕು ಮುಂತಾದ ಅಂಗಗಳ ಒಂದು ಗುಂಪನ್ನು ಹೊರತಂದಿತು. ಅಲ್ಲಿಂದ ಮುಂದೆ ಅದೊಂದು ದೊಡ್ಡ ಕೈಗಾರಿಕೆಯೇ ಆಯಿತು.

ಆ ಹಳೆಯ ಅಮೆರಿಕನ್ ಸೈಕಲ್ಲುಗಳಲ್ಲಿ ಎಡತೋಳು, ಅಚ್ಚು, ಬಲತೋಳು ಮೂರೂ ಸೇರಿ ಒಂದೇ ಉಕ್ಕಿನ ಸರಳಿನಿಂದ ಬಗ್ಗಿಸಿ ಮಾಡಿದ್ದಾಗಿದ್ದವು. ಭಾರ ಬಹಳ. ಆದರೆ ಬಂಡೆಗೆ ಬಡಿದಾಗ ಅದು ಬಾಗುವುದೇ ಹೊರತು ಥಟ್ಟನೆ ತುಂಡಾಗುವುದು ಅಪರೂಪ. ಬಾಗಿದ್ದು ಕಣ್ಣಿಗೆ ಕಾಣುವುದು, ಪಾದಕ್ಕೂ ತಿಳಿಯುವುದು, ಸವಾರನು ಎಚ್ಚರಗೊಳ್ಳುವನು. ಮುಂದಿನ ವಿಚಾರಕ್ಕೆ ಈ ‘ಎಚ್ಚರಿಕೆ’ ಎಂಬ ಗುಣವನ್ನು ನೆನಪಿನಲ್ಲಿಡಬೇಕು.

ಬೆಟ್ಟದ ದಾರಿಯಲ್ಲಿ ತೋಳಿನ ಮೇಲೆ ಬೀಳುವ ಹೊರೆ ಎಷ್ಟು? 70 ಕಿಲೋಗ್ರಾಂ ತೂಕದ ಸವಾರನು ಸೀಟಿನಿಂದೆದ್ದು ತನ್ನ ಭಾರವನ್ನೆಲ್ಲ ಅಡ್ಡವಾಗಿ ಚಾಚಿದ ಒಂದೇ ಪೆಡಲಿನ ಮೇಲೆ ಹೇರಿದನೆನ್ನೋಣ. ಬಲವು ಸುಮಾರು 686 ನ್ಯೂಟನ್; ತೋಳಿನ ಉದ್ದ 170 ಮಿಲಿಮೀಟರು; ಅಚ್ಚನ್ನು ತಿರುಚುವ ಬಲಭ್ರಮಣ 117 ನ್ಯೂಟನ್ ಮೀಟರುಗಳಷ್ಟಾಗುವುದು. ಹ್ಯಾಂಡಲನ್ನು ಎರಡು ಕೈಗಳಿಂದ ಮೇಲಕ್ಕೆಳೆದು ತುಳಿದರೆ ಇದಕ್ಕಿಂತಲೂ ಹೆಚ್ಚು. ದಿಣ್ಣೆಯಿಂದ ಹಾರಿ ನೆಲಕ್ಕೆ ಬಿದ್ದ ಕ್ಷಣದಲ್ಲಿ ದೇಹದ ತೂಕದ ಹಲವು ಪಾಲು ಒಮ್ಮೆಲೇ ಎರಡು ತೋಳುಗಳ ಮೇಲೂ ಎರಗುವುದು. ಇನ್ನೊಂದು ಸೂಕ್ಷ್ಮವುಂಟು. ಪಾದವು ತೋಳಿನ ನೇರದಲ್ಲಿ ಇರುವುದಿಲ್ಲ. ಪೆಡಲಿನ ಮೇಲೆ ಹಲವು ಸೆಂಟಿಮೀಟರು ಹೊರಕ್ಕೆ ಇರುವುದು. ಆದಕಾರಣ ತೋಳು ಬಾಗುವುದಷ್ಟೇ ಅಲ್ಲದೆ ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಳ್ಳಲೂ ಯತ್ನಿಸುವುದು. ಬಾಗುವಿಕೆ, ತಿರುಚುವಿಕೆ ಎರಡನ್ನೂ ಒಟ್ಟಿಗೆ ತಾಳಬೇಕಾದುದರಿಂದಲೇ ಈ ಸಣ್ಣ ಅಂಗದ ರಚನೆ ಸುಲಭವಲ್ಲ.

ಆದರೂ ಒಂದು ಹೊಡೆತಕ್ಕೆ ಮುರಿಯುವ ತೋಳುಗಳು ಕಡಮೆ. ಹೆಚ್ಚಿನವು ಮುರಿಯುವುದು ಮತ್ತೆ ಮತ್ತೆ ಬೀಳುವ ಸಣ್ಣ ಹೊರೆಯಿಂದ. ಒಂದು ತಂತಿಯನ್ನು ಕೈಯಿಂದ ಎಳೆದು ತುಂಡರಿಸಲು ಯಾರಿಗೂ ಆಗದು. ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಗ್ಗಿಸಿದರೆ ಮಗುವೂ ತುಂಡರಿಸಬಲ್ಲುದು. ಇದಕ್ಕೆ ‘ಲೋಹದ ದಣಿವು’ ಎನ್ನುವರು. ತಂತಿಯಂತೆ ಕಣ್ಣಿಗೆ ಕಾಣುವಷ್ಟು ಬಗ್ಗಲೇಬೇಕೆಂದಿಲ್ಲ. ಕಾಣದಷ್ಟು ಅಲ್ಪವಾಗಿ ಬಗ್ಗಿದರೂ ಸಾಕು, ಲಕ್ಷಗಟ್ಟಲೆ ಸಲ ಆಗಬೇಕು ಅಷ್ಟೆ. 1842ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸಿಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ತುಂಡಾಗಿ, ಗಾಡಿಗಳಿಗೆ ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಪ್ರಷ್ಯದ ರೈಲ್ವೆಯ ಎಂಜಿನಿಯರನಾದ ಆಗಸ್ಟ್ ವೋಲರ್ ಎಂಬಾತನು ಹಲವು ವರ್ಷ ಅಚ್ಚುಗಳನ್ನು ಯಂತ್ರಕ್ಕೆ ಸಿಕ್ಕಿಸಿ, ಲಕ್ಷಾಂತರ ಸಲ ಬಗ್ಗಿಸಿ ನೋಡಿ, 1870ರ ಹೊತ್ತಿಗೆ ತನ್ನ ನಿರ್ಣಯಗಳನ್ನು ಪ್ರಕಟಿಸಿದನು. ಹೊರೆಯು ಒಂದು ಮಿತಿಗಿಂತ ಕಡಮೆಯಿದ್ದರೆ ಉಕ್ಕು ಎಷ್ಟು ಸಲ ಬಗ್ಗಿದರೂ ದಣಿಯುವುದಿಲ್ಲ ಎಂಬುದು ಅವನು ಕಂಡ ಮುಖ್ಯ ಸಂಗತಿ.

ಅಲ್ಯುಮಿನಿಯಮ್ಮಿಗೆ ಈ ಭಾಗ್ಯವಿಲ್ಲ. ಹೊರೆ ಎಷ್ಟೇ ಕಡಮೆಯಿರಲಿ, ಸಾಕಷ್ಟು ಸಲ ಬಿದ್ದರೆ ಅದು ಎಂದಾದರೊಂದು ದಿನ ದಣಿಯಲೇಬೇಕು. ಅದಕ್ಕಾಗಿಯೇ ಪ್ರಯೋಗಶಾಲೆಯವರು ಅಲ್ಯುಮಿನಿಯಮ್ ಮಿಶ್ರಲೋಹಗಳ ಶಕ್ತಿಯನ್ನು ಹೇಳುವಾಗ, ಐವತ್ತು ಕೋಟಿ ಆವರ್ತಗಳವರೆಗೆ ತಾಳುವ ಹೊರೆ ಇಷ್ಟು ಎಂದು ಆವರ್ತಗಳ ಸಂಖ್ಯೆಯನ್ನೂ ಸೇರಿಸಿಯೇ ಹೇಳುವುದು ವಾಡಿಕೆ. ಹಾಗಾದರೆ ನಮ್ಮ ಸವಾರನು ತೋಳನ್ನು ಎಷ್ಟು ಸಲ ಬಗ್ಗಿಸುವನು? ನಿಮಿಷಕ್ಕೆ 70 ಸುತ್ತಿನಂತೆ ಗಂಟೆಗೆ 4,200 ಸಲ. ದಿನಕ್ಕೊಂದು ಗಂಟೆಯಂತೆ 240 ದಿನ ತುಳಿದರೆ ಹತ್ತು ಲಕ್ಷವನ್ನು ದಾಟುವುದು. ಕಾಲೇಜಿಗೆ ದಿನವೂ ದೂರದಿಂದ ಬರುವ ಹುಡುಗ ಹುಡುಗಿಯರು ಇದನ್ನು ಒಂದೇ ವರ್ಷದಲ್ಲಿ ಮುಟ್ಟುವರು.

ಇದನ್ನು ಓದಿ ಅಲ್ಯುಮಿನಿಯಮ್ ತೋಳುಗಳೇ ಬೇಡವೆಂದು ತೀರ್ಮಾನಿಸಬಾರದು. ದಪ್ಪವಾಗಿ, ಮೂಲೆಗಳನ್ನು ದುಂಡಗೆ ಮಾಡಿ, ಅಚ್ಚಿನಲ್ಲಿಟ್ಟು ಒತ್ತಿ ಬಡಿದು ರೂಪಿಸಿದ ತೋಳಿನಲ್ಲಿ ಒಳಹೊರೆಯು ಎಷ್ಟು ಅಲ್ಪವೆಂದರೆ, ದಣಿವಿನ ದಿನ ಬರುವ ಮೊದಲೇ ಸವಾರನಿಗೆ ವಯಸ್ಸಾಗುವುದು. ಎರಕ ಹೊಯ್ದ ತೋಳಿನಲ್ಲಿ ಗಾಳಿಗುಳ್ಳೆಗಳು ಉಳಿಯಬಹುದು. ಬಡಿದು ರೂಪಿಸಿದ್ದರಲ್ಲಿ ಲೋಹದ ಎಳೆಗಳು ತೋಳಿನ ಉದ್ದಕ್ಕೂ ಹರಿದಿರುವುದರಿಂದ ಬಿರುಕಿಗೆ ದಾರಿ ಸುಲಭವಲ್ಲ. ತೊಂದರೆ ಬರುವುದು ಎಲ್ಲಿ ಎಂದರೆ, ಅಲ್ಯುಮಿನಿಯಮ್ಮನ್ನು ತೆಳ್ಳಗೆ ಮಾಡಿ ಭಾರ ಉಳಿಸಹೊರಟಲ್ಲಿ, ಅಥವಾ ಖರ್ಚು ಉಳಿಸಹೊರಟಲ್ಲಿ. 1997ರಲ್ಲಿ ಇದಕ್ಕೊಂದು ದೊಡ್ಡ ನಿದರ್ಶನ ದೊರೆಯಿತು. ಷಿಮಾನೊ ಕಂಪನಿಯು ಅಮೆರಿಕದ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗದೊಡನೆ ಸೇರಿ, ಮೌಂಟನ್ ಬೈಕುಗಳಿಗೆ ಹಾಕಿದ್ದ ಸುಮಾರು ಹತ್ತು ಲಕ್ಷ ಕ್ರಾಂಕುಗಳನ್ನು ಹಿಂದಕ್ಕೆ ಪಡೆಯಿತು. ತೋಳು ಮುರಿದ ಆರುನೂರಕ್ಕೂ ಹೆಚ್ಚು ವರದಿಗಳು ಅದುವರೆಗೆ ಬಂದಿದ್ದವು. 2023ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿಯು, ಎರಡು ಹೋಳುಗಳನ್ನು ಅಂಟಿನಿಂದ ಕೂಡಿಸಿದ ಟೊಳ್ಳು ತೋಳುಗಳನ್ನು ಪರೀಕ್ಷೆಗಾಗಿ ಹಿಂದಕ್ಕೆ ಕರೆಯಿತು. ಅಮೆರಿಕದಲ್ಲಿಯೇ ಅವುಗಳ ಸಂಖ್ಯೆ ಸುಮಾರು 6,80,000. ಅಂಟು ಬಿಟ್ಟ ವರದಿಗಳು ನಾಲ್ಕೂವರೆ ಸಾವಿರಕ್ಕೂ ಮೇಲ್ಪಟ್ಟು. ಇವು ರಸ್ತೆಯ ಪಂದ್ಯದ ಸೈಕಲ್ಲುಗಳಿಗಾಗಿ ಮಾಡಿದವು, ಬೆಟ್ಟದವಲ್ಲ. ಅಲ್ಲದೆ ಆ ಕಂಪನಿಯ ಅತ್ಯಂತ ಬೆಲೆಬಾಳುವ ವರ್ಗಕ್ಕೆ ಸೇರಿದವು. ಮೊದಲನೆಯ ಪ್ರಕರಣದಲ್ಲಿ ಮುರಿದದ್ದು ಸಾಧಾರಣ ದರ್ಜೆಯ ಸರಕು, ಎರಡನೆಯದರಲ್ಲಿ ಉತ್ತಮ ದರ್ಜೆಯದು. ಬೆಲೆಯ ಚೀಟಿಯನ್ನು ನಂಬಿದವರಿಗೆ ಇಲ್ಲಿ ಯಾವ ಆಧಾರವೂ ದೊರೆಯದು. (ತಪ್ಪನ್ನು ಬಹಿರಂಗವಾಗಿ ಪ್ರಕಟಿಸಿ ಸರಕನ್ನು ಹಿಂದಕ್ಕೆ ಪಡೆಯುವ ಪದ್ಧತಿಯಾದರೂ ಅಲ್ಲಿ ಉಂಟೆಂಬುದನ್ನು ಮರೆಯುವಂತಿಲ್ಲ.)

ಹಗುರವಾದಷ್ಟೂ ಲಾಭವೆಂಬ ಮಾತನ್ನು ಲೆಕ್ಕ ಹಾಕಿ ನೋಡೋಣ. ತೆಳ್ಳನೆಯ ದುಬಾರಿ ಕ್ರಾಂಕ್ ಸೆಟ್ಟಿಗೂ ಗಟ್ಟಿಮುಟ್ಟಾದ ಸಾಧಾರಣದ್ದಕ್ಕೂ 300 ಗ್ರಾಂ ಅಂತರವಿದೆಯೆಂದು ಇಟ್ಟುಕೊಳ್ಳಿ. ಸವಾರನು 70 ಕಿಲೋಗ್ರಾಂ, ಸೈಕಲ್ಲು 14 ಕಿಲೋಗ್ರಾಂ, ಒಟ್ಟು 84. ಕಡಿದಾದ ಏರನ್ನು ಹತ್ತುವಾಗ ಶಕ್ತಿಯ ಬಹುಪಾಲು ಈ ಭಾರವನ್ನು ಎತ್ತುವುದಕ್ಕೇ ವ್ಯಯವಾಗುವುದರಿಂದ, ಉಳಿತಾಯವು ನೂರಕ್ಕೆ 0.36 ಪಾಲು. ಅಂದರೆ ಒಂದು ಗಂಟೆಯ ಏರಿನಲ್ಲಿ ಹೆಚ್ಚೆಂದರೆ ಹದಿಮೂರು ಸೆಕೆಂಡು. ಪಂದ್ಯದಲ್ಲಿ ಪದಕಕ್ಕಾಗಿ ಹೋರಾಡುವವನಿಗೆ ಹದಿಮೂರು ಸೆಕೆಂಡು ದೊಡ್ಡದು. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟವನ್ನು ಹತ್ತುವವನು ಮೇಲೆ ಕುಡಿಯುವ ಒಂದು ಲೋಟ ನೀರಿನಲ್ಲಿ ಅಷ್ಟು ಕಳೆಯುವುದು. ತಿರುಗುವ ಅಂಗದ ಭಾರ ಹೆಚ್ಚು ಕಾಡುವುದೆಂಬ ಮಾತನ್ನೂ ಕೇಳುವುದುಂಟು. ಚಕ್ರದ ಬಳೆ, ಟಯರುಗಳ ವಿಷಯದಲ್ಲಿ ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ 175 ಮಿಲಿಮೀಟರಿನ ತೋಳಿನ ತುದಿಯು ನಿಮಿಷಕ್ಕೆ 70 ಸುತ್ತಿನಂತೆ ತಿರುಗುವಾಗ ಅದರ ವೇಗ ಸೆಕೆಂಡಿಗೆ 1.28 ಮೀಟರು. ಚುರುಕಾಗಿ ನಡೆಯುವ ಮನುಷ್ಯನೇ ಅದಕ್ಕಿಂತ ಬೇಗ ಸಾಗುವನು. ಅಷ್ಟು ನಿಧಾನವಾಗಿ ತಿರುಗುವ ವಸ್ತುವಿನಲ್ಲಿ ಅಡಗುವ ಚಲನಶಕ್ತಿ ಲೆಕ್ಕಕ್ಕೆ ಬಾರದು.

ಕಾರ್ಬನ್ ನಾರಿನ ತೋಳುಗಳ ಬಗ್ಗೆ ಒಂದೇ ಮಾತು: ಅವು ನಿಜವಾಗಿಯೂ ಬಲವಾದವು, ದಣಿವನ್ನು ಚೆನ್ನಾಗಿ ತಾಳುವವು. ಆದರೆ ಬಂಡೆಯ ಪೆಟ್ಟಿನಿಂದ ಒಳಗೆ ಆದ ಗಾಯವು ಹೊರಗೆ ಕಾಣದಿರಬಹುದು. ಪೆಡಲನ್ನು ಹಿಡಿಯುವ ಲೋಹದ ತುಣುಕು ನಾರಿನಿಂದ ಬಿಟ್ಟುಕೊಂಡರೆ ಊರಿನ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ. ವಿದ್ಯಾರ್ಥಿಯ ಸೈಕಲ್ಲಿಗೆ ಅದು ತಕ್ಕುದಲ್ಲ.

ಇನ್ನು ಹಿರಿಯರ ಅಳತೆಗೋಲಾದ ಭಾರದ ಮಾತು. ಉಕ್ಕು ಅಲ್ಯುಮಿನಿಯಮ್ಮಿಗಿಂತ ಸುಮಾರು ಮೂರು ಪಾಲು ಸಾಂದ್ರ, ಮೂರು ಪಾಲು ಬಿಗುಪು. ಒಳ್ಳೆಯ ಉಕ್ಕಿನ ತೋಳು ದಣಿಯದೆ ದುಡಿಯಬಲ್ಲುದು. ಕ್ರೋಮ್ ಮಾಲಿಬ್ಡಿನಮ್ ಉಕ್ಕಿನ ಕೊಳವೆಯಿಂದ ಮಾಡಿದ ತೋಳುಗಳನ್ನು ಬಿಎಂಎಕ್ಸ್ ಸೈಕಲ್ಲುಗಳಲ್ಲಿ ಕುಣಿದು ಕುಪ್ಪಳಿಸುವ ಸವಾರರು ದಶಕಗಳಿಂದ ಬಳಸುತ್ತಿರುವುದು ಸುಮ್ಮನೆ ಅಲ್ಲ. ಆದರೆ ಅಗ್ಗದ ಸೈಕಲ್ಲಿನಲ್ಲಿ ಎತ್ತಿದರೆ ಭಾರವೆನಿಸುವ ಕ್ರಾಂಕ್ ಸೆಟ್ಟಿನ ಭಾರವು ತೋಳಿನಲ್ಲಿಯೇ ಇರಬೇಕೆಂದಿಲ್ಲ. ತಗಡಿನಿಂದ ಒತ್ತಿ ಮಾಡಿದ ಹಲ್ಲುಚಕ್ರಗಳಲ್ಲಿ, ಅವುಗಳ ಮೇಲಿನ ಹೊದಿಕೆಯಲ್ಲಿ ಇರಬಹುದು. ತುಕ್ಕು ಹಿಡಿದ ಉಕ್ಕೂ ತನ್ನ ಭಾಗ್ಯವನ್ನು ಕಳೆದುಕೊಳ್ಳುವುದು: ತುಕ್ಕಿನ ಪ್ರತಿಯೊಂದು ಕುಳಿಯೂ ಬಿರುಕಿನ ಬೀಜ. ಭಾರವು ಏನನ್ನೂ ಸಾಧಿಸಿ ತೋರಿಸದು.

ಮುರಿಯಬಾರದ ಭಾಗದ ಮಾತು ಇಷ್ಟಾಯಿತು. ಸವೆಯಲೇಬೇಕಾದ ಭಾಗದ್ದು ಬೇರೆ ಕಥೆ. ನಮ್ಮ ಆಕ್ಷೇಪಣೆಯ ಮುಖ್ಯಾಂಶವಿರುವುದು ಇಲ್ಲಿಯೇ.

ಹಲ್ಲುಚಕ್ರ ಸವೆಯುವುದು ಅದರ ಧರ್ಮ. ಸರಪಣಿಯ ಎಳೆತ ಎಷ್ಟೆಂಬುದನ್ನು ನೋಡಿದರೆ ಆಶ್ಚರ್ಯವಾಗುವುದು. ಏರಿನಲ್ಲಿ ಬಳಸುವ 22 ಹಲ್ಲಿನ ಸಣ್ಣ ಚಕ್ರದ ತ್ರಿಜ್ಯ ಸುಮಾರು 44.5 ಮಿಲಿಮೀಟರು, ತೋಳಿನ ಉದ್ದ 170. ಸನ್ನೆಕೋಲಿನ ನಿಯಮದಂತೆ ಪೆಡಲಿನ ಮೇಲಿನ 686 ನ್ಯೂಟನ್ನಿನ ಬಲವು ಸರಪಣಿಯಲ್ಲಿ 2,600 ನ್ಯೂಟನ್ನಿಗೂ ಮಿಗಿಲಾಗುವುದು. ಅಂದರೆ ಸುಮಾರು 267 ಕಿಲೋಗ್ರಾಂ ಭಾರವನ್ನು ತೂಗುಹಾಕಿದ ಹಾಗೆ. 44 ಹಲ್ಲಿನ ದೊಡ್ಡ ಚಕ್ರದಲ್ಲಿ ಇದರ ಅರ್ಧ ಮಾತ್ರ. ಅಲ್ಲದೆ ಅಲ್ಲಿ ಹಲ್ಲುಗಳ ಸಂಖ್ಯೆ ಇಮ್ಮಡಿಯಾದುದರಿಂದ ಹೊರೆಯ ಹಂಚಿಕೆಯೂ ಹೆಚ್ಚು. ಸಣ್ಣ ಚಕ್ರವು ಬೇಗ ಸವೆಯುವುದಕ್ಕೆ ಕಾರಣ ಸ್ಪಷ್ಟವಾಯಿತು. ಆದುದರಿಂದ ಎರಡು ಮೂರು ಚಕ್ರಗಳಿರುವ ಸೆಟ್ಟಿನಲ್ಲಿ ಸಣ್ಣದು ಉಕ್ಕಿನದಾಗಿರಲೇಬೇಕು. ನಡುವಣದೂ ಉಕ್ಕಿನದಾದರೆ ಇನ್ನೂ ಉತ್ತಮ. ದೊಡ್ಡದು ಅಲ್ಯುಮಿನಿಯಮ್ಮಿನದಾದರೂ ಚಿಂತೆಯಿಲ್ಲ. ಮುಂದೆ ಒಂದೇ ಚಕ್ರವಿರುವ ಈಚಿನ ರಚನೆಯಲ್ಲಿ, 30 ಅಥವಾ 32 ಹಲ್ಲಿನ ಆ ಒಂದು ಚಕ್ರವೇ ಏರನ್ನೂ ಇಳಿಜಾರನ್ನೂ ಹೊರಬೇಕಾದುದರಿಂದ, ಅಲ್ಲಿಯೂ ಉಕ್ಕನ್ನೇ ಕೇಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಕೆಂಪು ಮಣ್ಣಿನ ಕೆಸರು ಸರಪಣಿಗೆ ಮೆತ್ತಿದಾಗ ಅದು ಉಜ್ಜುಕಾಗದದಂತೆ ವರ್ತಿಸುವುದು. ಮೃದುವಾದ ಅಲ್ಯುಮಿನಿಯಮ್ ಹಲ್ಲುಗಳು ಕೆಲವೇ ಋತುಗಳಲ್ಲಿ ಶಾರ್ಕಿನ ರೆಕ್ಕೆಯಂತೆ ಒಂದು ಕಡೆಗೆ ಬಾಗಿ ಚೂಪಾಗುವುವು.

ಸವೆದ ಚಕ್ರವನ್ನು ಬಿಚ್ಚಿ ಹೊಸದನ್ನು ಹಾಕಬೇಕು, ಅಷ್ಟೆ. ಆದರೆ ಬಿಚ್ಚುವುದು ಹೇಗೆ? ಸಾಧಾರಣ ಬೆಲೆಯ ಮೌಂಟನ್ ಬೈಕನ್ನು ಅಂಗಡಿಯಲ್ಲಿ ಬಗ್ಗಿ ನೋಡಿರಿ. ಬಹಳಷ್ಟರಲ್ಲಿ ಮೂರು ಚಕ್ರಗಳನ್ನೂ ಬಲತೋಳಿಗೆ ರಿವೆಟ್ ಹೊಡೆದು ಕೂಡಿಸಿರುವುದು ಕಾಣಬರುವುದು. ರಿವೆಟ್ಟು ಬೋಲ್ಟಿನಂತಲ್ಲ, ಬಿಚ್ಚಲು ಬಾರದು. ಅಂದರೆ 22 ಹಲ್ಲಿನ ಒಂದು ಚಿಕ್ಕ ಚಕ್ರ ಸವೆದರೆ, ಇನ್ನೂ ಹೊಸದರಂತಿರುವ ಎರಡು ಚಕ್ರಗಳನ್ನೂ ಏನೂ ಆಗದ ತೋಳನ್ನೂ ಒಟ್ಟಿಗೆ ಗುಜರಿಗೆ ಹಾಕಬೇಕು. ಕಾರಖಾನೆಗೆ ಇದರಿಂದ ಕೆಲವು ಬೋಲ್ಟುಗಳ ಖರ್ಚು ಉಳಿಯುವುದು ನಿಜ. ಆದರೆ ಆ ಉಳಿತಾಯಕ್ಕೆ ಬೆಲೆ ತೆರುವವರು ಯಾರು? ಸೈಕಲ್ಲನ್ನು ಒಮ್ಮೆ ಕೊಡಿಸಿದ ತಂದೆತಾಯಿಗಳನ್ನು ಎರಡು ವರ್ಷದ ಮೇಲೆ ಮತ್ತೆ ಹಣ ಕೇಳಲು ಸಂಕೋಚಪಡುವ ಹುಡುಗನು ಸವೆದ ಹಲ್ಲುಗಳಲ್ಲಿಯೇ ತುಳಿಯುವನು. ಏರಿನ ನಡುವೆ, ಹಿಂದೆ ಲಾರಿ ಬರುತ್ತಿರುವಾಗ, ಸರಪಣಿಯು ಹಲ್ಲಿನಿಂದ ಜಿಗಿದು ಪೆಡಲು ಒಮ್ಮೆಲೇ ಕುಸಿಯುವುದು. ನಿಂತು ತುಳಿಯುತ್ತಿದ್ದವನ ಗತಿಯನ್ನು ನಾವು ವರ್ಣಿಸಬೇಕಾಗಿಲ್ಲ.

ಹೀಗಿರಲು ಕೆಲವರು ಕೇಳಬಹುದು: ರಿವೆಟ್ ಹೊಡೆದ ಇಡೀ ಸೆಟ್ಟೇ ಅಗ್ಗವಾಗಿ ಸಿಗುವಾಗ ಬಿಚ್ಚಿ ಜೋಡಿಸುವ ರಗಳೆ ಏಕೆ? ಸಿಗುವುದಾದರೆ ಈ ಮಾತಿನಲ್ಲಿ ಸ್ವಲ್ಪ ಹುರುಳುಂಟು. ಆದರೆ ಅದೇ ಉದ್ದದ ತೋಳು, ಅದೇ ಸರಪಣಿ ರೇಖೆ, ಅದೇ ಅಚ್ಚಿಗೆ ಹೊಂದುವ ಸೆಟ್ಟು ಐದು ವರ್ಷದ ಮೇಲೆ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಕ್ಕೀತೆಂಬ ಭರವಸೆಯನ್ನು ಯಾರು ಕೊಡುವರು? ನಾಲ್ಕು ಬೋಲ್ಟುಗಳ, 104 ಮಿಲಿಮೀಟರು ವೃತ್ತದ ಜೋಡಣೆಯಾದರೆ ಹಲವು ಕಂಪನಿಗಳ ಚಕ್ರಗಳು ಅದಕ್ಕೆ ಹೊಂದುವುವು. ಒಬ್ಬನು ಮಾಡುವುದನ್ನು ನಿಲ್ಲಿಸಿದರೂ ಇನ್ನೊಬ್ಬನದು ದೊರೆಯುವುದು. ಈಚೆಗೆ ಚಕ್ರವನ್ನು ನೇರವಾಗಿ ತೋಳಿನ ಬುಡದ ಗೀರುಗಳಿಗೆ ಸಿಕ್ಕಿಸುವ ರಚನೆಗಳು ಬಂದಿವೆ. ಬಿಚ್ಚಲು ಅವು ಸುಲಭವೇ. ಆದರೆ ಒಂದು ಕಂಪನಿಯ ಗೀರುಗಳು ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲವಾದುದರಿಂದ ನಮ್ಮ ಮೆಚ್ಚುಗೆ ಹಳೆಯ ಬೋಲ್ಟಿನ ಜೋಡಣೆಗೇ.

ಚಕ್ರ ಬೇಗ ಸವೆಯದಿರಲು ಮಾಡಬೇಕಾದ ಮೊದಲ ಕೆಲಸ ಸರಪಣಿಯನ್ನು ಅಳೆಯುವುದು. ಅದಕ್ಕೆ ವಿಶೇಷ ಉಪಕರಣವೇನೂ ಬೇಡ. ಅಂಗುಲದ ಗುರುತುಳ್ಳ ಒಂದು ಉಕ್ಕಿನ ಸ್ಕೇಲು ಸಾಕು. ಸರಪಣಿಯ ಪಿನ್ನಿನಿಂದ ಪಿನ್ನಿಗೆ ಅರ್ಧ ಅಂಗುಲ. ಹೊಸ ಸರಪಣಿಯಲ್ಲಿ ಒಂದು ಪಿನ್ನಿನ ಮಧ್ಯವನ್ನು ಸೊನ್ನೆಗೆ ಹಿಡಿದರೆ, 24ನೆಯ ಪಿನ್ನಿನ ಮಧ್ಯವು ಸರಿಯಾಗಿ 12 ಅಂಗುಲಕ್ಕೆ ಬೀಳುವುದು. ಪಿನ್ನುಗಳೂ ಅವುಗಳ ತೂತುಗಳೂ ಸವೆದಂತೆಲ್ಲ ಸರಪಣಿಯು ಉದ್ದವಾಗುವುದು. ಅದು ಹಿಗ್ಗಿತು ಎಂದು ಜನ ಹೇಳುವರು. ಲೋಹ ಹಿಗ್ಗಿರುವುದಿಲ್ಲ, ಸಡಿಲ ಹೆಚ್ಚಿರುವುದು ಅಷ್ಟೆ. 12 ಅಂಗುಲವನ್ನು ಅಂಗುಲದ ಹದಿನಾರನೆಯ ಒಂದರಷ್ಟು ದಾಟಿದರೆ ಸರಪಣಿಯನ್ನು ಬದಲಾಯಿಸತಕ್ಕದ್ದು. ಎಂಟನೆಯ ಒಂದರಷ್ಟು ದಾಟುವವರೆಗೆ ಬಿಟ್ಟರೆ ಅದು ಹಲ್ಲುಚಕ್ರಗಳನ್ನೂ ತನ್ನ ಅಳತೆಗೆ ಸವೆಸಿಕೊಂಡಿರುವುದು; ಆಗ ಹೊಸ ಸರಪಣಿಯು ಹಳೆಯ ಚಕ್ರಗಳಲ್ಲಿ ನಿಲ್ಲಲೊಲ್ಲದು.

ಅಚ್ಚಿಗೂ ತೋಳಿಗೂ ಇರುವ ಬೆಸುಗೆಯನ್ನು ಕುರಿತು ಈಗ ಎರಡು ಮಾತು. ನಮ್ಮ ಹಳೆಯ ಕಪ್ಪು ಸೈಕಲ್ಲಿನಲ್ಲಿ ಕಾಟರ್ ಪಿನ್ನೆಂಬ ಉಕ್ಕಿನ ಬೆಣೆಯನ್ನು ಅಡ್ಡಲಾಗಿ ಬಡಿದು ತೋಳನ್ನು ನಿಲ್ಲಿಸುವರು. ಸಡಿಲವಾದರೆ ಹಳ್ಳಿಯ ಸೈಕಲ್ ಷಾಪಿನವನು ಸುತ್ತಿಗೆಯಿಂದ ಹಳೆಯದನ್ನು ಹೊಡೆದು ತೆಗೆದು, ಕೆಲವೇ ರೂಪಾಯಿಗೆ ಹೊಸ ಪಿನ್ನು ಹಾಕಿ ಕಳಿಸುವನು. ಸವೆಯುವ ಭಾಗ ಅಗ್ಗದ್ದೂ ಬೇರೆಯದೂ ಆಗಿರಬೇಕೆಂಬ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಾಣೆವು. ಸಾಧಾರಣ ಮೌಂಟನ್ ಬೈಕಿನಲ್ಲಿ ಇದರ ಬದಲು ಅಚ್ಚಿನ ತುದಿಯು ಚೌಕವಾಗಿ, ತುಸು ಮೊನಚಾಗಿ ಇರುವುದು. ತೋಳಿನ ಚೌಕ ತೂತನ್ನು ಅದರ ಮೇಲಿಟ್ಟು ಬೋಲ್ಟಿನಿಂದ ಒತ್ತಿ ಬಿಗಿಯುವರು. ಇಲ್ಲಿಯೂ ತತ್ತ್ವ ಬೆಣೆಯದೇ, ಆದರೆ ತೋಳೇ ಬೆಣೆಯ ಗೂಡಾಗಿರುವುದು. ಬೋಲ್ಟು ಸಡಿಲವಾಗಿರುವಾಗ ನಾಲ್ಕು ದಿನ ತುಳಿದರೆ ಗಡುಸಾದ ಉಕ್ಕಿನ ಅಚ್ಚು ಮೃದುವಾದ ಅಲ್ಯುಮಿನಿಯಮ್ಮಿನ ಚೌಕವನ್ನು ದುಂಡಗೆ ಮಾಡಿಬಿಡುವುದು. ಆಮೇಲೆ ಎಷ್ಟು ಬಿಗಿದರೂ ಅದು ನಿಲ್ಲದು. ಹೀಗೆ ಕೆಟ್ಟ ತೋಳುಗಳಿಗೆ ಲೆಕ್ಕವಿಲ್ಲ. ದೋಷ ರಚನೆಯದಲ್ಲ, ನಿರ್ಲಕ್ಷ್ಯದ್ದು. ಹೊಸ ಸೈಕಲ್ಲನ್ನು ತಂದ ಮೊದಲ ಕೆಲವು ವಾರ ಆ ಬೋಲ್ಟನ್ನು ಉದ್ದ ಹಿಡಿಯ ಸ್ಪ್ಯಾನರಿನಿಂದ ಪರೀಕ್ಷಿಸಬೇಕು. ತುಳಿಯುವಾಗ ‘ಟಿಕ್ಕು’ ಎಂಬ ಸದ್ದು ಕೇಳಿದರೆ ಅಲ್ಲಿಯೇ ಇಳಿಯಬೇಕು.

ದುಬಾರಿ ಸೈಕಲ್ಲುಗಳಲ್ಲಿ ಅಚ್ಚು ದಪ್ಪ ಕೊಳವೆಯಾಗಿ, ಬೇರಿಂಗುಗಳು ಚೌಕಟ್ಟಿನ ಹೊರಗೆ ಕುಳಿತಿರುವುವು. ಬಿಗುಪಿನಲ್ಲಿ ಈ ರಚನೆ ಮೇಲು; ಬಿಚ್ಚುವುದೂ ಸುಲಭ. ಹಾಗಿದ್ದರೂ ದೊಡ್ಡ ನಗರದಿಂದ ದೂರವಿರುವ ವಿದ್ಯಾರ್ಥಿಗೆ, ಗುಂಡುಗಳನ್ನು ಮುಚ್ಚಿದ ಕಾರ್ಟ್ರಿಡ್ಜಿನೊಳಗಿಟ್ಟ ಚೌಕ ಅಚ್ಚಿನ ರಚನೆಯನ್ನೇ ನಾವು ಸೂಚಿಸುವೆವು. ಕೆಸರು ನೀರು ಅದರೊಳಕ್ಕೆ ಸುಲಭವಾಗಿ ಹೋಗದು, ಸವೆದರೆ ಬದಲಿ ಹಲವೆಡೆ ಸಿಗುವುದು, ಬೆಲೆಯೂ ಕೈಗೆಟುಕುವಂಥದು. ಚೌಕಟ್ಟಿನಲ್ಲಿ ಬೇರಿಂಗು ಕೂರುವ ಜಾಗ ಥ್ರೆಡ್ಡುಳ್ಳದ್ದೋ ಒತ್ತಿ ಕೂರಿಸುವಂಥದೋ ಎಂದೂ ನೋಡಿರಿ. ಥ್ರೆಡ್ಡುಳ್ಳದ್ದೇ ಲೇಸು.

ಪೆಡಲನ್ನು ತಾವೇ ಹಾಕಿಕೊಳ್ಳುವವರಿಗೆ ಒಂದು ಸೂಚನೆ. ಎಡ ಪೆಡಲಿನ ಥ್ರೆಡ್ಡು ಎಡಸುತ್ತಿನದು. ಬಲಸುತ್ತಿಗೆ ತಿರುಗಿಸಿ ಒತ್ತಾಯಪಡಿಸಿದರೆ ಉಕ್ಕಿನ ಪೆಡಲು ಅಲ್ಯುಮಿನಿಯಮ್ ತೋಳಿನ ಥ್ರೆಡ್ಡನ್ನು ಕೆರೆದು ಹಾಕುವುದು. ಎಡಬಲದ ಅಕ್ಷರಗಳು ಪೆಡಲಿನ ತುದಿಯಲ್ಲಿ ಕೊರೆದಿರುತ್ತವೆ. ಹಾಕುವ ಮುಂಚೆ ಸ್ವಲ್ಪ ಗ್ರೀಸು ಸವರಬೇಕು.

ತಯಾರಕರಿಂದಲೂ ನಾವು ಒಂದೆರಡು ವಿಷಯಗಳನ್ನು ಕೇಳುವುದು ನ್ಯಾಯವಾಗಿದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 4210ನೆಯ ಮಾನಕದಲ್ಲಿ ಸೈಕಲ್ಲಿನ ಕ್ರಾಂಕುಗಳನ್ನು ಮತ್ತೆ ಮತ್ತೆ ಹೊರೆ ಹೇರಿ ದಣಿಸಿ ನೋಡುವ ಪರೀಕ್ಷೆಯನ್ನು ಗೊತ್ತುಮಾಡಲಾಗಿದೆ. ಊರಿನೊಳಗೆ ಓಡಾಡುವ ಸೈಕಲ್ಲು ಬೇರೆ, ಬೆಟ್ಟದ ಸೈಕಲ್ಲು ಬೇರೆ ಎಂದು ಅಲ್ಲಿ ವಿಂಗಡಣೆಯೂ ಉಂಟು. ತಾವು ಮಾರುವ ‘ಮೌಂಟನ್ ಬೈಕು’ ಯಾವ ವರ್ಗದಲ್ಲಿ ಪರೀಕ್ಷೆಗೆ ಒಳಪಟ್ಟಿದೆ ಎಂಬುದನ್ನು ಸೈಕಲ್ಲಿನ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ ಬರೆಯಲು ಅಡ್ಡಿಯೇನು? ಹೊರಗೆ ಬೆಟ್ಟದ ವೇಷ, ಒಳಗೆ ಕೈಪಿಡಿಯ ಮೂಲೆಯಲ್ಲಿ ‘ಜಿಗಿತಕ್ಕೆ ಬಳಸಬೇಡಿ’ ಎಂಬ ಸಣ್ಣ ಅಕ್ಷರ: ಇದು ಪ್ರಾಮಾಣಿಕ ವ್ಯಾಪಾರವಲ್ಲ. ಡಾಂಬರು ರಸ್ತೆಯಲ್ಲಿ ಕಾಲೇಜಿಗೆ ಹೋಗಿಬರುವವರಿಗೆ ಈ ವೇಷದಿಂದ ದೊಡ್ಡ ಕೇಡಿಲ್ಲ. ಹೆಸರನ್ನು ನಂಬಿ ಕೊಡಗಿನ ಅಥವಾ ಚಿಕ್ಕಮಗಳೂರಿನ ಇಳಿಜಾರಿನ ಮೇಲೆ ಬಿಡುವವರಿಗೆ ಉಂಟು. ಹಾಗೆಯೇ, ಬಿಡಿ ಹಲ್ಲುಚಕ್ರಗಳನ್ನು ಸೈಕಲ್ಲಿನಷ್ಟೇ ಸುಲಭವಾಗಿ ಸಿಗುವಂತೆ ಮಾಡುವುದೂ ತಯಾರಕರ ಹೊಣೆ. ಕೊಳ್ಳುವ ಪ್ರತಿಯೊಬ್ಬರೂ ‘ಇದರ ಸಣ್ಣ ಚಕ್ರವನ್ನು ಬಿಚ್ಚಲು ಬರುತ್ತದೆಯೇ, ಬಿಡಿಯಾಗಿ ಎಲ್ಲಿ ಸಿಗುತ್ತದೆ?’ ಎಂದು ಅಂಗಡಿಯಲ್ಲಿ ಕೇಳತೊಡಗಿದರೆ ಆ ಪ್ರಶ್ನೆ ಕಾರಖಾನೆಯವರೆಗೂ ತಲಪೀತು.

ಈಗಾಗಲೇ ಸೈಕಲ್ಲನ್ನು ಕೊಂಡಿರುವವರು ತೋಳಿನಲ್ಲಿ ಬಿರುಕು ಉಂಟೋ ಇಲ್ಲವೋ ನೋಡಿಕೊಳ್ಳುವ ಬಗೆಯೊಂದುಂಟು. ರೈಲ್ವೆ ವರ್ಕ್‌ಷಾಪುಗಳಲ್ಲಿ ಅಚ್ಚುಗಳನ್ನು ಪರೀಕ್ಷಿಸಲು ಹಿಂದೆ ಬಳಸುತ್ತಿದ್ದ ಎಣ್ಣೆ ಸುಣ್ಣದ ಉಪಾಯವೇ ಇದು. ತೋಳನ್ನು ಚೆನ್ನಾಗಿ ತೊಳೆದು ಒಣಗಿಸಿ, ಪೆಡಲಿನ ತೂತಿನ ಸುತ್ತಲೂ, ಹಲ್ಲುಚಕ್ರದ ಕೈಗಳು ತೋಳನ್ನು ಕೂಡುವ ಮೂಲೆಗಳಲ್ಲೂ, ಅಚ್ಚಿನ ಬಳಿಯೂ ಸೀಮೆ ಎಣ್ಣೆಯನ್ನು ಸವರಿ, ಬಿರುಕಿದ್ದರೆ ಒಳಗಿಳಿಯಲು ಅರ್ಧ ಗಂಟೆ ಬಿಡಬೇಕು. ಸೀಮೆ ಎಣ್ಣೆ ಸಿಗದಿದ್ದರೆ ತೆಳುವಾದ ಯಂತ್ರದ ಎಣ್ಣೆಯೂ ಆಗಬಹುದು. ಬೆಂಕಿಯಿಂದ ದೂರವಿದ್ದು ಈ ಕೆಲಸ ಮಾಡತಕ್ಕದ್ದು. ಬಳಿಕ ಬಟ್ಟೆಯಿಂದ ಎಣ್ಣೆಯ ಸುಳಿವೂ ಉಳಿಯದಂತೆ ಒರೆಸಿ, ಬೋರ್ಡಿನ ಸೀಮೆಸುಣ್ಣವನ್ನು ನುಣ್ಣಗೆ ಪುಡಿಮಾಡಿ ಉದುರಿಸಿ, ಬ್ರೇಕು ಹಿಡಿದು ಪೆಡಲಿನ ಮೇಲೆ ನಾಲ್ಕಾರು ಸಲ ಭಾರ ಹಾಕಿರಿ. ಬಿರುಕಿನೊಳಗೆ ಅವಿತಿದ್ದ ಎಣ್ಣೆಯು ಮೇಲಕ್ಕೆ ಜಿನುಗಿ ಬಿಳಿಯ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಯನ್ನು ಮೂಡಿಸುವುದು. ತೋಳಿನ ಮೇಲಿನ ಬಣ್ಣದ ಗೀರಾದರೆ ಹೀಗೆ ಜಿನುಗುವುದಿಲ್ಲ. ಗೆರೆ ಕಂಡ ತೋಳನ್ನು ಬೆಸುಗೆ ಹಾಕಿಸಲು ಹೋಗದೆ, ಆ ದಿನವೇ ಬಿಚ್ಚಿ ಬೇರೆ ಹಾಕಿಸಬೇಕು. ಬಿಚ್ಚಿದ್ದನ್ನು ಎಸೆಯುವ ಮುನ್ನ ಬಿರುಕಿನ ಜಾಗದಲ್ಲಿ ಮುರಿದು ನೋಡಿದರೆ, ಹಳೆಯ ಬಿರುಕು ನಯವಾಗಿ ಮಸುಕಾಗಿಯೂ, ಈಗ ಮುರಿದ ಭಾಗವು ಒರಟಾಗಿ ಹೊಳೆಯುತ್ತಲೂ ಇರುವುದನ್ನು ಕಾಣಬಹುದು.